ಕೆರೆಗೆ ಓದಿದ ಬೇಸಿಗೆ ವರದಿ

ನಮ್ಮೂರಿನ ಕೆರೆ ಯುಗಾದಿ ಕಳೆದು ಹದಿನೈದು ಇಪ್ಪತ್ತು ದಿನಕ್ಕೆ ಎದ್ದು ತವರಿಗೆ ಹೋಗುತ್ತದೆ. ಇಂಥ ದಿನವೇ ಎಂದಿಲ್ಲ. ಹಿಂದಿನ ಸಂಜೆ ನೀರು ಸ್ವಲ್ಪ ಅವಸರದಲ್ಲಿರುವಂತೆ ಕಾಣುತ್ತದೆ. ಹೊರಟು ನಿಂತ ಹೆಣ್ಣುಮಗಳು ಕಸ ಗುಡಿಸುತ್ತಲೇ ಎರಡು ಸಲ ಬೀದಿ ಬಾಗಿಲಿಗೆ ಬಂದು ನೋಡುವ ಹಾಗೆ. ಬೆಳಿಗ್ಗೆ ಏರಿಯ ಮೇಲೆ ನಿಂತು ನೋಡಿದರೆ ಅಂಗಳ ಖಾಲಿ. ಮೀನು, ಕಪ್ಪೆ, ನೀರುಕೋಳಿ, ತಾವರೆ ಎಲ್ಲವನ್ನೂ ಕಟ್ಟಿಕೊಂಡೇ ಹೋಗಿರುತ್ತದೆ. ಎಲ್ಲಿಗೆ ಹೋಗುತ್ತದೆ ಎಂದು ನಾವು ಕೇಳುವುದಿಲ್ಲ. ತವರಿಗೆ ಹೋದವಳ ಹಿಂದೆ ಆಳು ಕಳಿಸಿ ವಿಚಾರಿಸುವುದು ಮರ್ಯಾದಸ್ಥರ ಮನೆಯಲ್ಲಿ ಇಲ್ಲ.

ಅದು ಇಲ್ಲದ ಎರಡು ತಿಂಗಳು ಊರಿಗೆ ಬೇರೆಯದೇ ಬದುಕು. ಮನೆ ಬಳಕೆಗೆ ಬಾವಿಗಳಿವೆ, ನಲ್ಲಿಯಿದೆ, ಬಾಯಾರಿಕೆಯ ಮಾತೇನಲ್ಲ. ಕೆರೆಯಂಗಳದ ಮಣ್ಣು ವಾರದೊಳಗೆ ಒಣಗಿ ಸಾರಿಸಿದ ಪಡಸಾಲೆಯ ಹಾಗೆ ಗಟ್ಟಿಯಾಗುತ್ತದೆ. ಮದುವೆ ಚಪ್ಪರಗಳು ಅಲ್ಲೇ ಏಳುತ್ತವೆ. ವಾಲಿಬಾಲ್ ಆಡುವವರು ಬಲೆ ಕಟ್ಟುತ್ತಾರೆ. ಸಂಡಿಗೆ ಹಾಕುವ ಹೆಂಗಸರು ನಡುಮಧ್ಯಕ್ಕೆ, ನೀರು ಎಲ್ಲಕ್ಕಿಂತ ಆಳವಿರುತ್ತಿದ್ದ ಜಾಗಕ್ಕೆ, ಹೋಗಿ ಹಳೆ ಸೀರೆ ಹಾಸಿ ಕೂರುತ್ತಾರೆ. ಅಲ್ಲಿ ಆಡಿದ ಮಾತು ನಡುಹಗಲಿನಲ್ಲೂ ನೀರಿನಡಿಯಿಂದ ಬಂದಂತೆ ನಿಧಾನಕ್ಕೆ ಕೇಳುತ್ತದೆ. ವರ್ಷವಿಡೀ ನೀರಿಗೆ ಬಿದ್ದ ಚೊಂಬು, ಕಾಲುಂಗುರ, ಬೀಗದಕೈ, ಒಂದು ಸಲ ಯಾರದೋ ಹಲ್ಲಿನ ಸೆಟ್ಟು, ಎಲ್ಲ ಜೋಡಿಸಿಟ್ಟ ಹಾಗೆ ಸಾಲಾಗಿ ಸಿಗುತ್ತವೆ. ಅವರವರದನ್ನು ಅವರವರು ಗುರುತಿಸಿ ಎತ್ತಿಕೊಳ್ಳುತ್ತಾರೆ.

ರೋಹಿಣಿ ಮಳೆಯ ಹೊತ್ತಿಗೆ ಕೆರೆ ತಿರುಗಿ ಬರುತ್ತದೆ. ಬಂದದ್ದು ಸೀದಾ ಒಳಗೆ ಬರುವುದಿಲ್ಲ. ಊರ ಮೂಡಲಿನ ಹುಣಸೆ ತೋಪಿನಲ್ಲಿ, ಮರಗಳ ಬುಡದಲ್ಲಿ ಮೊಳಕಾಲುದ್ದ ನಿಂತುಕೊಳ್ಳುತ್ತದೆ. ತಾನಿಲ್ಲದಾಗ ಊರಲ್ಲಿ ಏನೇನಾಯಿತು ಎಂದು ಅದಕ್ಕೆ ಹೇಳಬೇಕು. ತೋಪಿಗೂ ಕೆರೆಯಂಗಳಕ್ಕೂ ನಡುವೆ ಒಂದು ಕಲ್ಲಿನ ಕಟ್ಟೆಯಿದೆ. ಪುರಸಭೆಯ ಅಧ್ಯಕ್ಷರಾದವರು ಅದರ ಮೇಲೆ ನಿಂತು ಬೇಸಿಗೆ ವರದಿ ಓದಬೇಕು. ಕೆರೆ ಒಂದೊಂದು ಸುದ್ದಿಗೆ ಒಂದೊಂದು ಗೇಣು ಮುಂದೆ ಬಂದು, ಎಲ್ಲ ಮುಗಿದ ಮೇಲೆ ಕಟ್ಟೆಯನ್ನು ಬಳಸಿಕೊಂಡು ತನ್ನ ಅಂಗಳಕ್ಕೆ ಇಳಿಯುತ್ತದೆ. ಪುರಸಭೆಯ ಕೆಲಸಗಳಲ್ಲಿ ಇದೂ ಒಂದು. ಚರಂಡಿ, ಬೀದಿದೀಪ, ಕೆರೆಗೆ ವರದಿ.

ನಾನು ಅಧ್ಯಕ್ಷಳಾಗಿ ಇದು ಮೂರನೇ ಬೇಸಿಗೆ. ಹೆಸರು ಹೊನ್ನಾಜಮ್ಮ, ಊರು ಕರೆಯುವುದು ಮಿಷನ್ ಹೊನ್ನಕ್ಕ ಎಂದು. ಹಿಟ್ಟಿನ ಮಿಷನ್ ನಡೆಸುತ್ತೇನೆ. ನನಗಿಂತ ಮುಂಚಿನ ಅಧ್ಯಕ್ಷರೆಲ್ಲ ಗುಮಾಸ್ತ ಪದ್ಮನಾಭಯ್ಯ ಬರೆದುಕೊಟ್ಟದ್ದನ್ನೇ ಓದುತ್ತಿದ್ದರು. 'ಸದರಿ ಅವಧಿಯಲ್ಲಿ ನಾಲ್ಕು ವಿವಾಹಗಳು ಜರುಗಿರುತ್ತವೆ' ಎಂದರೆ ಕೆರೆ ಬೆರಳಷ್ಟೂ ಅಲುಗುತ್ತಿರಲಿಲ್ಲ, ಜನವೇ ಕೂಗಿ ಬಿಡಿಸಿ ಹೇಳಬೇಕಾಗುತ್ತಿತ್ತು. ಯಾರ ಮದುವೆ, ಹುಡುಗಿಯ ಮುಖ ಹೇಗಿತ್ತು, ಬೀಗರ ಕಡೆಯವರು ಯಾವ ಮಾತಿಗೆ ಮುನಿಸಿಕೊಂಡರು, ಪಾಯಸ ಸಾಕಾಯಿತೇ, ಎಲ್ಲ ಬೇಕು ಅದಕ್ಕೆ. ಹಿಟ್ಟಿಗೆ ಕಾದು ಕೂತವರು ಏನನ್ನೂ ಮುಚ್ಚಿಡುವುದಿಲ್ಲ, ಆದ್ದರಿಂದ ಅರ್ಧ ವರದಿ ನನ್ನ ಮಿಷನ್ನಿನಲ್ಲೇ ಆಗುತ್ತಿತ್ತು. ಉಳಿದರ್ಧ ಚೌಡಕ್ಕನದು.

ಚೌಡಕ್ಕ ಮಡಿವಾಳರ ಬೀದಿಯ ಮಾಚಣ್ಣನ ಹೆಂಡತಿ, ನನ್ನ ನಲವತ್ತು ವರ್ಷದ ಗೆಳತಿ. "ಬಾಯಿ ಸುಳ್ಳಾಡ್ತದೆ ಕಣೇ, ಬಟ್ಟೆ ಆಡಲ್ಲ," ಎನ್ನುತ್ತಿದ್ದಳು. ಒಗೆಯಲು ಬಂದ ಗಂಟು ಬಿಚ್ಚಿದರೆ ಸಾಕು, ಯಾವ ಮನೆಯಲ್ಲಿ ಬಾಣಂತಿ, ಯಾವ ಮನೆಯಲ್ಲಿ ಗಂಡ ಹೆಂಡಿರು ಬೇರೆ ಬೇರೆ ಚಾಪೆ, ಎಲ್ಲ ಅವಳಿಗೆ ತಿಳಿಯುತ್ತಿತ್ತು. ಕೆರೆಗೆ ಇಳಿಯುವ ಸೋಪಾನದ ಮೂರನೇ ಮೆಟ್ಟಿಲ ಪಕ್ಕ ಅವಳ ಒಗೆಯುವ ಕಲ್ಲು. ದಿನಾ ಬೆಳಿಗ್ಗೆ ನೀರಿಗೆ ಕಾಲಿಡುತ್ತಲೇ ಕೆರೆಯನ್ನು ಬೈಯುವಳು: "ಏನೇ, ಇಷ್ಟು ತಣ್ಣಗಿದ್ದೀಯ? ಮೂಳೆ ಕೊರೀತದೆ. ಬಿಸಿಲಿಗೆ ಮೈಯೊಡ್ಡಬಾರದಾ?" ಬೈದ ಮೇಲೆ ಮಧ್ಯಾಹ್ನದವರೆಗೂ ಅದರ ಜೊತೆಗೇ ಮಾತು. ವರದಿಯ ದಿನ ಕಟ್ಟೆಯ ಮೇಲೆ ನನ್ನ ಬೆನ್ನಿಗೆ ನಿಂತು, ನಾನೇನಾದರೂ ಬಿಟ್ಟರೆ ಸೊಂಟಕ್ಕೆ ಬೆರಳಲ್ಲಿ ತಿವಿಯುವಳು. "ಹೊನ್ನೀ, ಟೈಲರ್ ಮನೆ ಕರು ಬಿಟ್ಟೆ."

ಈ ಬೇಸಿಗೆ, ವೈಶಾಖದ ನಡುವೆ, ಒಂದು ಬುಧವಾರ ಮಧ್ಯಾಹ್ನ ಚೌಡಕ್ಕ ಜಗುಲಿಯ ಮೇಲೆ ಬಟ್ಟೆ ಮಡಿಸುತ್ತಿದ್ದವಳು "ಒಂದು ಗಳಿಗೆ ಒರಗ್ತೀನಿ" ಎಂದು ಕಂಬಕ್ಕೆ ಒರಗಿದಳು. ಮತ್ತೆ ಏಳಲಿಲ್ಲ. ಊರೆಲ್ಲ ಮಾಚಣ್ಣನನ್ನು ಮಾತಾಡಿಸಲು ಹೋಯಿತು. ಸಾವಿನ ಮನೆಗೆ ಬಂದವರನ್ನು ನಮ್ಮಲ್ಲಿ 'ಬಾ' ಎನ್ನುವುದಿಲ್ಲ. ಬಂದವರು ಹೊರಡುವಾಗ 'ಬರ್ತೀನಿ' ಎನ್ನುವುದಿಲ್ಲ. ಸುಮ್ಮನೆ ಬಂದು, ಕೂತು, ಎದ್ದು ಹೋಗುವುದು. ನಾನೂ ಹಾಗೇ ಹೋಗಿ ಕೂತು ಎದ್ದು ಬಂದೆ. ಆ ಬುಧವಾರ ಬೆಳಿಗ್ಗೆ ಅವಳು ಬೀಸಲು ಇಟ್ಟುಹೋದ ರಾಗಿ ಡಬ್ಬ ಮಿಷನ್ನಿನಲ್ಲಿ ಸಾಲಿನಲ್ಲಿತ್ತು. ಅವಳ ಸರದಿ ಬಂದಾಗೆಲ್ಲ ಡಬ್ಬವನ್ನು ಒಂದು ಜಾಗ ಹಿಂದಕ್ಕೆ ಸರಿಸಿ ಮುಂದಿನವರದನ್ನು ಬೀಸುತ್ತಿದ್ದೆ. ಯಾರೂ ಏಕೆ ಎಂದು ಕೇಳಲಿಲ್ಲ.

ಕೆರೆ ಬರುವ ಕಾಲ ಹತ್ತಿರವಾದಾಗ ಪುರಸಭೆಯಲ್ಲಿ ಸಭೆ ಸೇರಿತು. ಮೊದಲು ಎದ್ದವನು ಎರಡನೇ ವಾರ್ಡಿನ ಹಾಲಪ್ಪ. ಗದ್ದೆ ಇರುವವನು, ಕೆಟ್ಟವನಲ್ಲ, ಆದರೆ ಎಲ್ಲದಕ್ಕೂ ಒಂದು ಉಪಾಯ ಹುಡುಕುವವನು.

"ಅಧ್ಯಕ್ಷರೇ, ಚೌಡಕ್ಕನ ಸುದ್ದಿ ವರದೀಲಿ ಬರೋದು ಬ್ಯಾಡ," ಎಂದ.

"ಸಾವು ಬರೀದೆ ಹೆಂಗ್ರೀ? ಪ್ರತಿ ವರ್ಷ ಓದ್ತೀವಲ್ಲ," ಎಂದೆ.

"ಬೇರೆ ಸಾವು ಬೇರೆ. ಇದು ಅದರ ಜೀವದ ಗೆಳತಿ. ಕೇಳಿದ ಏಟಿಗೆ ಹಂಗೇ ಹಿಂದಕ್ಕೆ ಹೊಂಟೋದ್ರೆ? ಭತ್ತದ ಸಸಿಮಡಿ ಹಾಕೋ ಹೊತ್ತು, ನೀರು ಬೇಕು. ನನ್ನ ತಂಗಿ ಊರಿಂದ ಬಂದಾಗ ಅಪ್ಪ ತೀರ್ಕೊಂಡಿದ್ದು ಹೇಳಿದ್ದು ಅವಳಿಗೆ ಉಣ್ಣಿಸಿದ ಮ್ಯಾಲೆ. ದೂರದಿಂದ ಬಂದೋರಿಗೆ ಬಾಗಿಲಲ್ಲೇ ಸಾವು ಹೇಳ್ತಾರಾ? ಒಳೀಕ್ ಬರ್ಲಿ, ಕುಂತ್ಕಳ್ಳಿ, ಆಮ್ಯಾಲೆ ಮೆಲ್ಲಗೆ ಹೇಳಾನ."

ಮಾತು ಎಲ್ಲರಿಗೂ ಸರಿ ಕಂಡಿತು. ನಮ್ಮ ಮನೆಗಳಲ್ಲಿ ಹಾಗೇ ಮಾಡುವುದು. ಮಾಚಣ್ಣನನ್ನು ಕರೆಸಿ ಕೇಳಿದೆವು. ಅವನು ಬಾಗಿಲಲ್ಲೇ ನಿಂತು, ಹೆಗಲ ಟವೆಲನ್ನು ಎರಡು ಸಲ ಮಡಿಸಿ, "ಊರು ಹೇಳ್ದಂಗೆ," ಎಂದು ಹೋದ. ನಾನು ಕೈ ಎತ್ತಿದೆ. ಸಸಿಮಡಿಗಾಗಿ ಎತ್ತಿದೆ ಎಂದು ಎಲ್ಲರೂ ತಿಳಿದರು. ನಿಜ ಹೇಳಬೇಕೆಂದರೆ, ಆ ಸಾಲನ್ನು ಬಾಯಿ ಬಿಟ್ಟು ಓದುವ ಕೆಲಸ ತಪ್ಪಿತಲ್ಲ ಎಂದು ಎತ್ತಿದ್ದೆ.

ಕೆರೆ ಒಂದು ಸೋಮವಾರ ಬಂತು. ಹುಣಸೆ ಮರಗಳ ನಡುವೆ ಆಕಾಶ ಬಂದು ನಿಂತ ಹಾಗಿತ್ತು. ತಂಪು ಗಾಳಿ, ಯಾವುದೋ ಬೇರೆ ಊರಿನ ಹೂವಿನ ವಾಸನೆ. ಊರೆಲ್ಲ ಒಗೆದ ಬಟ್ಟೆ ಉಟ್ಟು ತೋಪಿನ ಎದುರು ಸೇರಿತು. ನಾನು ಕಟ್ಟೆ ಹತ್ತಿ ಓದಿದೆ.

"ಕೇಳವ್ವಾ. ಈ ಬೇಸಿಗೇಲಿ ನಾಲ್ಕು ಮದುವೆ ಆದೊ, ನಾಲ್ಕೂ ನಿನ್ನ ಅಂಗಳದಲ್ಲೆ. ಸಾಹೇಬರ ಬೀದಿ ಹಾಜಿರಾಬೀ ಮೊಮ್ಮಗಳ ಮದುವೇಲಿ ಊಟ ಚೆನ್ನಾಗಿತ್ತು, ಗಾಳಿಗೆ ಚಪ್ಪರ ಹಾರಿ ಪಕ್ಕದ ಮದುವೆ ಮೇಲೆ ಬಿತ್ತು, ಎರಡು ಕಡೇರೂ ಒಟ್ಟಿಗೇ ಕುಂತು ಉಂಡ್ರು." ಕೆರೆ ಒಂದು ಗೇಣು ಬಂತು. "ಐದು ಕೂಸು ಹುಟ್ಟಿದೊ. ಅದರಲ್ಲಿ ಎರಡು ಅವಳಿ, ಯಾರಿಗೂ ಗುರುತು ಸಿಕ್ತಿಲ್ಲ, ಒಂದಕ್ಕೇ ಎರಡು ಸಲ ಹಾಲು ಕುಡಿಸಿದ್ರು." ಮತ್ತೊಂದು ಗೇಣು. "ಲೈಬ್ರರಿ ಸೂರು ರಿಪೇರಿ ಆಯ್ತು. ಟೈಲರ್ರೂ ಕ್ಷೌರದಂಗಡಿಯೋನೂ ವಾಲಿಬಾಲ್‌ನಾಗೆ ಬಿಟ್ಟ ಮಾತು ವಾಲಿಬಾಲ್‌ನಾಗೇ ಆಡಿದ್ರು. ಬಡಗಿ ಬೀದೀಲಿ ಇಬ್ಬರು ಮುದುಕರು ಹೋದ್ರು, ಇಬ್ಬರದೂ ತುಂಬಿದ ವಯಸ್ಸು." ನೀರು ಸ್ವಲ್ಪ ಹೊತ್ತು ಸುಕ್ಕಾಗಿ, ನೆಟ್ಟಗಾಗಿ, ಮತ್ತೆ ಮುಂದೆ ಬಂತು.

ಹೀಗೆ ಬಂದು ಬಂದು ಕಟ್ಟೆಯ ಬುಡ ಮುಟ್ಟಿತು. ನನ್ನ ಹಾಳೆ ಮುಗಿಯಿತು. ಕೆರೆ ಒಳಗೆ ಇಳಿಯಲಿಲ್ಲ. ಕಟ್ಟೆಯ ಹಿಂಭಾಗದಲ್ಲಿ, ನನ್ನ ಬೆನ್ನಿಗೆ ಚೌಡಕ್ಕ ನಿಲ್ಲುತ್ತಿದ್ದ ಜಾಗದ ನೇರಕ್ಕೆ ಬಂದು ನಿಂತುಕೊಂಡಿತು.

ಏನಾದರೂ ಬಿಟ್ಟುಹೋದಾಗ ಹೀಗೆ ನಿಲ್ಲುವುದುಂಟು. ಜನ ಕೂಗಿ ಹೇಳುತ್ತಾರೆ. ಅವತ್ತು ಎಲ್ಲರಿಗೂ ಬಿಟ್ಟದ್ದೇನೆಂದು ಗೊತ್ತು, ಯಾರೂ ಅದನ್ನು ಹೇಳುವಂತಿಲ್ಲ. ಅದಕ್ಕೆ ಉಳಿದದ್ದನ್ನೆಲ್ಲ ಹೇಳತೊಡಗಿದರು. "ಲಕ್ಕವ್ವನ ಹುಂಜ ತಿಂದೋನು ನಾನೇ ಕಣವ್ವ, ನಾಯಿ ಅಲ್ಲ," ಎಂದು ಒಬ್ಬ ಒಪ್ಪಿಕೊಂಡ. "ಅಯ್ಯೋ ನಿನ್ನ ಹೊಟ್ಟೆ ಸೇದೋಗ, ನಾಯಿಗೆ ಅನ್ನ ಹಾಕೋದು ಬಿಟ್ಟಿದ್ನಲ್ಲೋ!" ಎಂದಳು ಲಕ್ಕವ್ವ. ಲೈಬ್ರರಿಯವನು ತನಗೆ ಕನ್ನಡಕ ಬಂದಿದೆ, ನಾಚಿಕೆಗೆ ಹಾಕಿಕೊಳ್ಳುತ್ತಿಲ್ಲ ಎಂದ. ಹಾಲಪ್ಪನೇ ಎದ್ದು, ಬೀಗರ ಮುಂದೆ ತನ್ನದೆಂದು ತೋರಿಸಿದ ಎತ್ತಿನ ಜೋಡಿ ಭಾವಮೈದುನನದು ಎಂದ. ನೀರು ಎಲ್ಲ ಕೇಳಿಸಿಕೊಂಡಿತು. ಅಲ್ಲಾಡಲಿಲ್ಲ. ಮಾಚಣ್ಣ ದೂರದಲ್ಲಿ ಒಂದು ಮರಕ್ಕೆ ಕೈಯೂರಿ ನಿಂತಿದ್ದ. ಯಾರೂ ಆ ಕಡೆ ನೋಡಲಿಲ್ಲ.

ಹಾಲಪ್ಪ ಕಟ್ಟೆಯ ಹತ್ತಿರ ಬಂದು ಪಿಸುಗುಟ್ಟಿದ. "ಹೊನ್ನಕ್ಕ, ಅದು ಅವಳನ್ನೇ ಕೇಳ್ತಿರೋದು. ತವರಿಗೆ ಹೋಗವ್ಳೆ ಅಂದ್ಬಿಡು. ಇವತ್ತೊಂದಿನ ದಾಟ್ಲಿ."

ನಾನು ಅಂದೆ. ಅಷ್ಟು ಸುಲಭವಾಗಿ ಬಾಯಿಗೆ ಬಂತು ಅದು. "ಚೌಡಕ್ಕ ತವರಿಗೆ ಹೋಗವ್ಳೆ ಕಣವ್ವ."

ಕೆರೆಯ ಮೈಮೇಲೆ ಇದ್ದಕ್ಕಿದ್ದಂತೆ ಬೆಳಕಾಡಿತು. ಮುಚ್ಚಿಕೊಂಡಿದ್ದ ತಾವರೆಗಳು ಒಂದೊಂದಾಗಿ ಬಿರಿದವು. ಈಗ ಒಳಗೆ ಬರುತ್ತದೆ ಎಂದು ಜನ ದಾರಿ ಬಿಟ್ಟರು. ಅದು ಮೆಲ್ಲಗೆ ಹಿಂದೆ ಸರಿಯಿತು. ಸರಿದು ಸರಿದು ತೋಪಿಗೆ ಹೋಗಿ, ಮರಗಳ ನೆರಳಿನಲ್ಲಿ ಹರಡಿಕೊಂಡು, ಹಾಯಾಗಿ ಕೂತುಬಿಟ್ಟಿತು. ತಾನೂ ತವರಿಂದ ಬಂದದ್ದು, ಅವಳೂ ಬರಲಿ, ಇಬ್ಬರೂ ಒಟ್ಟಿಗೇ ಊರು ಸೇರೋಣ ಎಂದು ಕಾಯುವವಳ ಹಾಗೆ.

ಹಾಲಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡ.

ಎಂಟು ದಿನ ಕಳೆಯಿತು. ರೋಹಿಣಿ ಮಳೆ ಮುಗಿದು ಮೃಗಶಿರಾ ಹುಟ್ಟಿತು. ನೆನೆಸಿದ ಬಿತ್ತನೆ ಭತ್ತ ಚೀಲಗಳಲ್ಲೇ ಮೊಳಕೆ ಬಂತು, ಮಡಿಗೆ ಬಿಡಲು ನೀರಿಲ್ಲ. ತೋಪಿನಲ್ಲಿ ಕೆರೆ ಯಾವ ಬೇಸರವೂ ಇಲ್ಲದೆ ಕೂತಿತ್ತು. ಆ ದಾರಿಯಲ್ಲಿ ಬಸ್ಸು ನಿಂತರೆ ಸಾಕು, ಇಳಿಯುವವರು ಯಾರೆಂದು ನೋಡಲು ನೀರು ಆ ಕಡೆಗೆ ಸ್ವಲ್ಪ ವಾಲುತ್ತಿತ್ತು. ಕೈಚೀಲ ಹಿಡಿದ ಹೆಂಗಸರು ತಾವು ಚೌಡಕ್ಕ ಅಲ್ಲವಲ್ಲ ಎಂದು ತಲೆ ತಗ್ಗಿಸಿಕೊಂಡು ಊರೊಳಗೆ ಬರುತ್ತಿದ್ದರು.

ಒಂಬತ್ತನೇ ದಿನ ಬೆಳಿಗ್ಗೆ ಮಾಚಣ್ಣ ಮಿಷನ್ನಿಗೆ ಬಂದ. ಹೆಂಡತಿ ಹೋದ ಮೇಲೆ ಅವನು ನನ್ನ ಬಾಗಿಲಿಗೆ ಬಂದದ್ದು ಅದೇ ಮೊದಲು. ಕೂತುಕೋ ಎಂದೆ, ಕೂರಲಿಲ್ಲ.

"ಅವಳ ರಾಗಿ ಡಬ್ಬ ನಿನ್ನ ಹತ್ರಾನೇ ಐತಂತೆ."

"ಐತೆ ಕಣಣ್ಣ."

"ಬೀಸ್ಕೊಡು. ಮನೇಲಿ ಹಿಟ್ಟಿಲ್ಲ."

ಡಬ್ಬ ತೆಗೆದು ಸುರಿದೆ. ಮಿಷನ್ನಿನ ಸದ್ದಿನಲ್ಲಿ ಮಾತಾಡಬೇಕಾಗಿರಲಿಲ್ಲ. ಇಬ್ಬರಿಗೂ ಅದು ಅನುಕೂಲವೇ. ಹಿಟ್ಟು ಬಿಸಿಬಿಸಿಯಾಗಿ ಬಿತ್ತು. ಎರಡು ಸೇರು ರಾಗಿ, ಬೇಗ ಮುಗಿದುಹೋಯಿತು. ಮಿಷನ್ ನಿಲ್ಲಿಸಿದೆ. ಅವನು ಡಬ್ಬ ಎತ್ತಿಕೊಂಡು, ಮುಚ್ಚಳ ಒತ್ತಿ, ಮುಚ್ಚಳವನ್ನೇ ನೋಡುತ್ತ ಹೇಳಿದ:

"ಹೊನ್ನಕ್ಕ, ಹುಂಜ ಹೋಗಿದ್ದು ಹೇಳಿದ್ರಿ. ಕನ್ನಡಕ ಬಂದಿದ್ದು ಹೇಳಿದ್ರಿ. ಊರಾಗೆ ಎಲ್ಲಾರದೂ ಒಂದೊಂದು ಮಾತು ಆ ಕಟ್ಟೆ ಮ್ಯಾಲೆ ಬಂತು. ಅವಳದ್ದು ಬರ್ಲಿಲ್ಲ."

"ತಪ್ಪಾಯ್ತಣ್ಣ."

"ತಪ್ಪೊಪ್ಪಿನ ಮಾತಲ್ಲ. ಅದು ಅಲ್ಲಿ ಕಾಯ್ತಾ ಕುಂತೈತೆ. ಯಾರೂ ಹೋದಳು ಅನ್ನಲ್ಲ, ಎಲ್ಲಾರೂ ಸುಮ್ಕವ್ರೆ, ನಾನೂ ಇಲ್ಲಿ ಕಾಯ್ತಾ ಕುಂತಂಗೆ ಆಗೈತೆ. ದಿನಾ ಸಂಜೆ ಬಾಗಿಲ ಸದ್ದಾದ್ರೆ ತಲೆ ಎತ್ತುತೀನಿ. ಇಬ್ಬರಲ್ಲಿ ಒಬ್ಬರಿಗಾದ್ರೂ ಹೇಳು, ಹೊನ್ನಕ್ಕ."

ಬೆಲ್ಟಿನ ಮೇಲಿನ ಹಿಟ್ಟು ಕೈಗೆ ಮೆತ್ತಿತ್ತು. ಅದನ್ನೂ ತೊಳೆಯದೆ ಹೊರಟೆ. ಸಭೆ ಕರೆಯಲಿಲ್ಲ, ಹಾಳೆ ತೆಗೆದುಕೊಳ್ಳಲಿಲ್ಲ. ಮಾಚಣ್ಣ ಡಬ್ಬ ಹೆಗಲಿಗಿಟ್ಟುಕೊಂಡು ಹಿಂದೆಯೇ ಬಂದ. ನಮ್ಮನ್ನು ಕಂಡವರೆಲ್ಲ ಒಬ್ಬೊಬ್ಬರಾಗಿ ಕೈಲಿದ್ದ ಕೆಲಸ ಬಿಟ್ಟು ಬಂದರು. ಹಾಲಪ್ಪ ಎದುರು ಸಿಕ್ಕಿ ಏನೋ ಹೇಳಲು ಬಾಯಿ ತೆರೆದ. ನನ್ನ ಕೈ ನೋಡಿ, ಮಾಚಣ್ಣನ ಹೆಗಲ ಮೇಲಿನ ಡಬ್ಬ ನೋಡಿ, ಪಕ್ಕಕ್ಕೆ ಸರಿದ.

ಕಟ್ಟೆ ಹತ್ತಲಿಲ್ಲ. ತೋಪಿನೊಳಕ್ಕೇ ಹೋಗಿ ನೀರಿನಲ್ಲಿ ನಿಂತೆ. ತಣ್ಣಗಿತ್ತು, ಮೂಳೆ ಕೊರೆಯುವ ಹಾಗೆ.

"ನೋಡವ್ವಾ," ಎಂದೆ. "ಅವತ್ತು ನಾನು ಹೇಳಿದ್ದು ಸುಳ್ಳು. ಚೌಡಕ್ಕ ತವರಿಗೆ ಹೋಗಿಲ್ಲ. ಅವಳಿಗೆ ತವರು ಅಂತ ಯಾರವ್ರೆ, ಇದ್ದ ಒಬ್ಬ ಅಣ್ಣ ಹೋಗಿ ಹತ್ತು ವರ್ಷ ಆಯ್ತು. ವೈಶಾಖದಾಗೆ ಬುಧವಾರ ಮಧ್ಯಾಹ್ನ ಜಗುಲಿ ಮೇಲೆ ಬಟ್ಟೆ ಮಡಿಸ್ತಿದ್ಲು. ಒಂದು ಗಳಿಗೆ ಒರಗ್ತೀನಿ ಅಂದ್ಲು. ಹಂಗೇ ಹೋದ್ಲು. ನೋವು ನರಳಾಟ ಏನೂ ಇಲ್ಲ. ಮಡಿಸಿದ್ದು ಹನ್ನೊಂದು, ಹನ್ನೆರಡನೇದು ಕೈಯಲ್ಲೇ ಇತ್ತು. ಬೆಳಿಗ್ಗೆ ನನ್ನ ಹತ್ರ ಬಂದಾಗ, ಕೆರೆ ಇಲ್ಲದೆ ಬಾಯಿ ಕಟ್ಟಿದಂಗೆ ಆಗೈತೆ ಕಣೇ ಹೊನ್ನೀ, ಅಂದಿದ್ಲು. ನಾನು ನಕ್ಕೆ. ಅದೇ ಕೊನೆ ಮಾತು. ಚೌಡಕ್ಕ ಸತ್ತೋದ್ಲು ಕಣವ್ವ."

ಆ ಸಾಲು ನನ್ನ ಬಾಯಿಂದ ಬಂದದ್ದು ಅದೇ ಮೊದಲ ಸಲ. ಹಿಂದೆ ಮಾಚಣ್ಣನ ಕೈಯಿಂದ ಡಬ್ಬ ಕೆಳಗಿಳಿದ ಸದ್ದಾಯಿತು. ಅವನು ಅಳುತ್ತಿದ್ದ, ಮುಖಕ್ಕೆ ಟವೆಲ್ ಒತ್ತಿಕೊಂಡು, ತಡೆದು ತಡೆದು.

ತೋಪಿನಲ್ಲಿ ಒಂದು ಎಲೆಯೂ ಅಲುಗಲಿಲ್ಲ. ತಾವರೆಗಳು ಮುಚ್ಚಿಕೊಂಡವು. ನನ್ನ ಕಾಲ ಸುತ್ತ ನೀರು ನಡುಗಿ, ಇಳಿಯತೊಡಗಿತು. ಮೊಳಕಾಲಿದ್ದದ್ದು ಹಿಮ್ಮಡಿಗೆ ಬಂತು. "ಹೋಯ್ತು, ಹೋಗೇಬಿಟ್ತು," ಎಂದು ಹಿಂದಿನಿಂದ ಯಾರೋ ಅಂದರು. ನನಗೂ ಹಾಗೇ ಅನಿಸಿತು.

ಆದರೆ ಕೆರೆ ಮೂಡಲಿಗೆ ಹೋಗಲಿಲ್ಲ. ಹಿಮ್ಮಡಿ ಮುಳುಗುವಷ್ಟು ತೆಳ್ಳಗಾಗಿ ತೋಪಿನಿಂದ ಹೊರಬಂತು. ಕಟ್ಟೆಯನ್ನು ದಾಟಿತು. ತನ್ನ ಅಂಗಳದ ಬಾಗಿಲಲ್ಲಿ ನಿಲ್ಲಲೂ ಇಲ್ಲ, ಅದನ್ನು ಎಡಕ್ಕೆ ಬಿಟ್ಟು ಊರೊಳಗೆ ತಿರುಗಿತು.

"ಮಾಚಣ್ಣ, ನಿನ್ನ ಮನೆಗೆ ಬತ್ತಾ ಐತೆ ಕಣೋ," ಎಂದ ಹಾಲಪ್ಪ. ಅವನ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿರಲಿಲ್ಲ. "ಹೋಗು, ಹಿತ್ತಲ ಕಡೆಯಿಂದ ಓಡು. ಮನೆಯೋನು ಕುಂತಿರ್ಬೇಕು."

ಮಾಚಣ್ಣ ಓಡಿದ. ಡಬ್ಬ ನಾನು ಎತ್ತಿಕೊಂಡೆ.

ಕೆರೆ ದೊಡ್ಡ ಬೀದಿಯಲ್ಲಿ ನಿಧಾನಕ್ಕೆ ನಡೆಯಿತು. ಬಾಗಿಲುಗಳಲ್ಲಿ ನಿಂತ ಹೆಂಗಸರು ಸೆರಗು ತಲೆಗೆಳೆದುಕೊಂಡರು. ಅಂಗಳದ ರಂಗೋಲಿಗಳನ್ನು ಬಳಸಿಕೊಂಡೇ ಹೋಯಿತು, ಒಂದು ಎಳೆಯೂ ಅಳಿಸಲಿಲ್ಲ. ಮೀನುಗಳು ಬೆನ್ನು ಕಾಣಿಸುತ್ತ ಹಿಂದೆ ಹಿಂದೆ. ಹಾಲಪ್ಪ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಂಡ. ಮಡಿವಾಳರ ಬೀದಿ ಇಕ್ಕಟ್ಟು. ಅಲ್ಲಿ ಮೈ ಕಿರಿದು ಮಾಡಿಕೊಂಡು ಒಳಹೊಕ್ಕು, ಮಾಚಣ್ಣನ ಮನೆಯ ಮುಂದೆ ನಿಂತಿತು. ಮಾಚಣ್ಣ ಏದುಸಿರು ಬಿಡುತ್ತ ತಲೆಗೆ ಟವೆಲ್ ಹಾಕಿಕೊಂಡು ಜಗುಲಿಯ ಮೇಲೆ, ಅವಳು ಒರಗಿದ ಕಂಬದ ಪಕ್ಕ, ಕೂತಿದ್ದ.

ಅವನು 'ಬಾ' ಎನ್ನಲಿಲ್ಲ. ಕೆರೆ ಒಂದು ಮೆಟ್ಟಿಲು ಹತ್ತಿ, ಜಗುಲಿಯ ಅಂಚಿಗೆ ತಾಗಿ ಕೂತಿತು. ಕಂಬದ ನೆರಳು, ಹಗ್ಗದ ಮೇಲೆ ಒಣಗಿದ ಒಂದು ಹಳದಿ ಸೀರೆಯ ನೆರಳು ಅದರ ಮೈಮೇಲೆ ಬಿದ್ದಿತ್ತು. ಒಂದು ಸೇರು ಅಕ್ಕಿ ಬೇಯುವಷ್ಟು ಹೊತ್ತು ಹಾಗೇ ಇತ್ತು. ಬೀದಿಯಲ್ಲಿ ನಾವಿಷ್ಟು ಜನ ನಿಂತಿದ್ದೆವು. ಆಮೇಲೆ ಅದು ಎದ್ದಿತು. ಬರುತ್ತೇನೆ ಎನ್ನುವಂಥ ಒಂದು ಅಲೆಯನ್ನೂ ತೋರಿಸದೆ, ತಿರುಗಿ ನೋಡದೆ, ಬಂದ ದಾರಿಯಲ್ಲೇ ಹೋಗಿ ತನ್ನ ಅಂಗಳಕ್ಕೆ ಇಳಿಯಿತು. ಮಾಚಣ್ಣನೂ 'ಹೋಗಿ ಬಾ' ಎನ್ನಲಿಲ್ಲ. ನಾನು ಹಿಟ್ಟಿನ ಡಬ್ಬವನ್ನು ಒದ್ದೆ ಮೆಟ್ಟಿಲ ಮೇಲಿಟ್ಟು, ಸುಮ್ಮನೆ ಎದ್ದು ಬಂದೆ.

ಮಧ್ಯಾಹ್ನ ಹಾಲಪ್ಪ ತೂಬು ಎತ್ತಿಸಿ ಮಡಿಗಳಿಗೆ ನೀರು ಬಿಟ್ಟ. ಸಂಜೆ ಪದ್ಮನಾಭಯ್ಯ ವರದಿಯ ಕೊನೆ ಹಾಳೆ ಹಿಡಿದು ಮಿಷನ್ನಿಗೆ ಬಂದರು.

"ಮೇಡಮ್, ಕೆರೆ ಬಂದದ್ದು ದಾಖಲಾಗಬೇಕು. ಸದರಿ ಕೆರೆಯು ತೋಪಿನಿಂದ ನೇರವಾಗಿ ಅಂಗಳಕ್ಕೆ ಅಂತ ಬರೀಲಾ, ಪ್ರತಿ ವರ್ಷದ ಹಾಗೆ?"

"ಇಲ್ಲ ಸಾರ್. ಮೊದಲು ಚೌಡಕ್ಕನ ಮನೆಗೆ ಹೋಗಿತ್ತು ಅಂತ ಬರೀರಿ."

"ಕಾರಣ?"

"ಮಾತಾಡಿಸೋಕೆ."

ಅವರು ಪೆನ್ನು ತೆಗೆದರು. ಸದರಿ ಎಂದು ಬರೆದದ್ದನ್ನು ಹೊಡೆದುಹಾಕಿ, ನಾನು ಹೇಳಿದ್ದನ್ನೇ ಬರೆದುಕೊಂಡರು.

ಮರುದಿನ ಬೆಳಿಗ್ಗೆ ಮಿಷನ್ನಿನ ಬಾಗಿಲು ತೆಗೆಯುವ ಮುಂಚೆ ಏರಿಯ ಮೇಲೆ ಹೋದೆ. ನೀರು ಸೋಪಾನದ ಮೂರನೇ ಮೆಟ್ಟಿಲಿಗೆ ನಿಂತಿತ್ತು, ಪ್ರತಿ ವರ್ಷ ನಿಲ್ಲುವಲ್ಲಿಗೇ. ಮಾಚಣ್ಣ ಬಟ್ಟೆಗಂಟು ಹೊತ್ತುಕೊಂಡು ಇಳಿದ. ಇಷ್ಟು ವರ್ಷ ಅವನು ಕೆರೆಯ ಜೊತೆ ಒಂದು ಮಾತೂ ಆಡಿದವನಲ್ಲ, ಆಡುವುದೆಲ್ಲ ಹೆಂಡತಿಗೇ ಬಿಟ್ಟಿದ್ದ. ಗಂಟು ಕಲ್ಲಿನ ಮೇಲಿಟ್ಟು, ಪಂಚೆ ಎತ್ತಿ ಕಟ್ಟಿ, ನೀರಿಗೆ ಕಾಲಿಟ್ಟ. ಸುತ್ತ ಯಾರಾದರೂ ಇದ್ದಾರೋ ಎಂದು ನೋಡಿದ. ನಾನು ಏರಿಯ ಮೇಲಿನ ಹುಣಸೆ ಮರದ ಮರೆಗೆ ಸರಿದೆ.

"ಏನೇ," ಎಂದ, ಗಂಟಲು ಸರಿಮಾಡಿಕೊಂಡು. "ಇಷ್ಟು ತಣ್ಣಗಿದ್ದೀಯ?"